ರುದ್ರನಾಟಕದ ಮುಖ್ಯ ದೃಶ್ಯವನ್ನು ಓದುವ ಬಗೆ: ‘ದೊರೆ ಈಡಿಪಸ್’ ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ರುದ್ರನಾಟಕದ ಮುಖ್ಯ ದೃಶ್ಯ ಯಾವುದು ಎಂದು ಕೇಳಿದರೆ ಹೆಚ್ಚಿನವರು ಸಾವು ಸಂಭವಿಸುವ ಜಾಗದತ್ತ ಬೆರಳು ತೋರಿಸುತ್ತಾರೆ. ಆ ಎಣಿಕೆಯಿಂದ ಪ್ರಾಚೀನ ಗ್ರೀಕ್ ನಾಟಕಕಾರ ಸೊಫೊಕ್ಲಿಸನ ‘ದೊರೆ ಈಡಿಪಸ್’ ನಾಟಕವನ್ನು ಕೈಗೆತ್ತಿಕೊಂಡರೆ ನಿರಾಸೆಯಾಗುತ್ತದೆ. ಈಡಿಪಸ್ ತಂದೆಯನ್ನು ಕೊಂದದ್ದೂ ತಾಯಿಯನ್ನು ಮದುವೆಯಾದದ್ದೂ ನಾಟಕ ಆರಂಭವಾಗುವುದಕ್ಕೆ ಎಷ್ಟೋ ವರ್ಷ ಹಿಂದಿನ ಸಂಗತಿಗಳು. ಅವನ ತಾಯಿಯೂ ಹೆಂಡತಿಯೂ ಆದ ಜೊಕಾಸ್ತ ನೇಣು ಹಾಕಿಕೊಳ್ಳುವುದೂ ಈಡಿಪಸ್ ತನ್ನ ಕಣ್ಣುಗಳನ್ನು ಇರಿದುಕೊಳ್ಳುವುದೂ ಅರಮನೆಯ ಬಾಗಿಲಿನ ಆಚೆ, ನೋಡುಗರಿಗೆ ಕಾಣದಂತೆ ನಡೆಯುತ್ತವೆ. ರಂಗದ ಮೇಲೆ ನಡೆಯುವುದು ಒಂದೇ ಒಂದು ಕ್ರಿಯೆ, ತಿಳಿಯದೆ ಇದ್ದದ್ದು ತಿಳಿಯುತ್ತಾ ಹೋಗುವುದು. ಹಾಗಾಗಿ ಈ ಬಗೆಯ ನಾಟಕದಲ್ಲಿ ಒಂದು ದೃಶ್ಯವನ್ನು ಅರ್ಥ ಮಾಡಿಕೊಳ್ಳುವುದೆಂದರೆ, ಆ ದೃಶ್ಯದೊಳಗೆ ಯಾರಿಗೆ ಏನು ಗೊತ್ತಿತ್ತು, ಯಾವ ಮಾತಿನಿಂದ ಅದು ಬದಲಾಯಿತು, ಆ ಬದಲಾವಣೆ ಮೊದಲು ಯಾರ ಅರಿವಿಗೆ ಬಂತು ಎಂಬುದನ್ನು ಸಾಲುಸಾಲಾಗಿ ಹಿಡಿಯುವುದು. ಈ ಮಾರ್ಗದರ್ಶಿ ಆ ಕೆಲಸದ ಕ್ರಮವನ್ನು ಒಂದೇ ನಾಟಕದ ಮೂಲಕ ವಿವರಿಸುತ್ತದೆ. ಹತ್ತು ನಾಟಕಗಳನ್ನು ಮೇಲುಮೇಲಕ್ಕೆ ನೋಡುವುದಕ್ಕಿಂತ ಒಂದನ್ನು ತಳಮುಟ್ಟ ಓದುವುದು ಲಾಭದಾಯಕ ಎಂಬುದು ನನ್ನ ಅಭಿಪ್ರಾಯ.

ಓದುವ ಮೊದಲು: ರಂಗದ ಕಟ್ಟುಪಾಡುಗಳು

ಈ ನಾಟಕವು ಸುಮಾರು ಕ್ರಿ.ಪೂ. 429ರ ಹೊತ್ತಿಗೆ ಅಥೆನ್ಸಿನಲ್ಲಿ ಪ್ರದರ್ಶನಗೊಂಡಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮೂಲದಲ್ಲಿ ಇದು 1530 ಸಾಲುಗಳ ಕೃತಿ. ಕನ್ನಡದಲ್ಲಿ ಪಿ. ಲಂಕೇಶರ ಅನುವಾದವಿದೆ. ಯಾವ ಭಾಷೆಯ ಅನುವಾದವನ್ನೇ ಓದಿದರೂ, ಮೂಲದ ಸಾಲುಸಂಖ್ಯೆಗಳನ್ನು ಅಂಚಿನಲ್ಲಿ ಕೊಟ್ಟಿರುವ ಇನ್ನೊಂದು ಆವೃತ್ತಿ ಪಕ್ಕದಲ್ಲಿದ್ದರೆ ಅನುಕೂಲ. ಮೊದಲ ಸಲ ಪೆನ್ಸಿಲ್ ಮುಟ್ಟದೆ ಒಂದೇ ಬೈಠಕ್ಕಿನಲ್ಲಿ ಓದಿ ಮುಗಿಸಿ. ಮುಂದಿನ ಹಂತಗಳೆಲ್ಲ ಎರಡನೆಯ ಓದಿಗೆ ಸೇರಿದವು.

ರಂಗದ ಬಗ್ಗೆ ನಾಲ್ಕು ಸಂಗತಿಗಳು ಮನಸ್ಸಿನಲ್ಲಿರಬೇಕು. ಮಾತಾಡುವ ನಟರು ಮೂವರೇ. ಎಲ್ಲ ಪಾತ್ರಗಳನ್ನೂ ಅವರೇ ಹಂಚಿಕೊಂಡು ಆಡುತ್ತಿದ್ದರು. ಮೂರನೆಯ ನಟನನ್ನು ರಂಗಕ್ಕೆ ತಂದವನು ಸೊಫೊಕ್ಲಿಸನೇ ಎಂದು ಅರಿಸ್ಟಾಟಲ್ ಹೇಳಿದ್ದಾನೆ. ನಟರೆಲ್ಲರೂ ಮುಖವಾಡ ಧರಿಸುತ್ತಿದ್ದರು, ಆದ್ದರಿಂದ ಮುಖಭಾವ ಎಂಬುದೇ ಇರಲಿಲ್ಲ. ಹಾಡಿ ಕುಣಿಯುವ 15 ಮಂದಿಯ ಮೇಳವು ಬಂದ ಮೇಲೆ ಕೊನೆಯತನಕ ಎದುರಿಗೇ ಇರುತ್ತಿತ್ತು. ಈ ನಾಟಕದಲ್ಲಿ ಮೇಳವೆಂದರೆ ಊರಿನ ಹಿರಿಯರು; ಅಂದರೆ ಈ ಮನೆತನದ ಗುಟ್ಟುಗಳೆಲ್ಲ ಊರಿನ ಹಿರಿಯರ ಕಣ್ಣೆದುರಿಗೇ ಬಿಚ್ಚಿಕೊಳ್ಳುತ್ತವೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ನೋಡಲು ಬಂದವರಿಗೆ ಕಥೆ ಮೊದಲೇ ತಿಳಿದಿತ್ತು. ಕೊಲೆಗಾರ ಯಾರು ಎಂಬ ಕುತೂಹಲಕ್ಕಾಗಿ ಯಾರೂ ಅಲ್ಲಿ ಕೂತಿರಲಿಲ್ಲ.

ಕನ್ನಡ ಓದುಗರಿಗೆ ಈ ಕಟ್ಟು ಹೊಸದೇನಲ್ಲ. ರನ್ನನು ‘ಗದಾಯುದ್ಧ’ದಲ್ಲಿ ಭೀಮ ದುರ್ಯೋಧನರ ಕೊನೆಯ ಕಾಳಗದ ಹೊತ್ತಿನಲ್ಲಿ ನಿಂತು, ಇಡೀ ಭಾರತದ ಕಥೆಯನ್ನು ಸಿಂಹಾವಲೋಕನ ಕ್ರಮದಿಂದ ಹಿಂತಿರುಗಿ ನೋಡಿ ಹೇಳುತ್ತಾನೆ. ಈಡಿಪಸನ ನಾಟಕವೂ ಒಂದು ದಿನದ ಮೇಲೆ ನಿಂತು ಒಂದು ಆಯುಷ್ಯವನ್ನು ಹಿಂತಿರುಗಿ ನೋಡುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಹಿಂತಿರುಗಿ ನೋಡುವವನಿಗೆ ತಾನು ನೋಡುತ್ತಿರುವುದು ತನ್ನನ್ನೇ ಎಂಬುದು ತಿಳಿದಿಲ್ಲ.

ಹಂತ 1: ದೃಶ್ಯದ ಗಡಿಯನ್ನು ಗುರುತಿಸಿ

ಗ್ರೀಕ್ ನಾಟಕದಲ್ಲಿ ಅಂಕ, ದೃಶ್ಯ ಎಂಬ ವಿಂಗಡಣೆಯಿಲ್ಲ. ಮೇಳದ ಹಾಡುಗಳೇ ಗಡಿಕಲ್ಲುಗಳು. ಎರಡು ಹಾಡುಗಳ ನಡುವಿನ ಮಾತಿನ ಭಾಗವನ್ನು ಒಂದು ಘಟಕವೆಂದು ತೆಗೆದುಕೊಂಡು, ಅದರೊಳಗೆ ಯಾರು ಬಂದರು, ಯಾರು ಹೋದರು ಎಂಬುದನ್ನು ಗುರುತು ಹಾಕಿ. ಈ ನಾಟಕದಲ್ಲಿ ನಾಲ್ಕು ತುಣುಕುಗಳು ನಮ್ಮ ಕೆಲಸಕ್ಕೆ ಬೇಕು: ಕುರುಡು ಕಾಲಜ್ಞಾನಿ ಟೈರೀಸಿಯಸ್ ಬರುವ ಭಾಗ (ಸಾಲು 300ರಿಂದ 462), ಜೊಕಾಸ್ತಳ ಸೋದರ ಕ್ರಿಯಾನ್ ಮತ್ತು ಜೊಕಾಸ್ತ ಬರುವ ಭಾಗ (512ರಿಂದ 862), ಕೊರಿಂತದ ದೂತನ ಭಾಗ (911ರಿಂದ 1085), ಮುದುಕ ಕುರಿಗಾಹಿಯ ಭಾಗ (1110ರಿಂದ 1185).

ಹಂತ 2: ಯಾರಿಗೆ ಏನು ಗೊತ್ತು ಎಂಬ ಪಟ್ಟಿ ಬರೆಯಿರಿ

ಒಂದು ಹಾಳೆಯ ಮೇಲೆ ಪಾತ್ರಗಳ ಹೆಸರನ್ನು ಬರೆದು, ಪ್ರತಿ ಹೆಸರಿನ ಮುಂದೆ ಆ ಕ್ಷಣದಲ್ಲಿ ಆ ಪಾತ್ರಕ್ಕೆ ತಿಳಿದಿರುವುದನ್ನು ಮಾತ್ರ ಬರೆಯಿರಿ. ಓದುಗರಾಗಿ ನಿಮಗೆ ತಿಳಿದಿರುವುದನ್ನು ಅದರಲ್ಲಿ ಬೆರೆಸಬಾರದು. ಇದು ಕೇಳಿದಷ್ಟು ಸುಲಭವಲ್ಲ. ನಾಟಕದ ಆರಂಭದಲ್ಲಿ ಪಟ್ಟಿ ಸುಮಾರಾಗಿ ಹೀಗಿರುತ್ತದೆ. ಈಡಿಪಸನಿಗೆ ತಾನು ಕೊರಿಂತದ ಪಾಲಿಬಸ್ ಮತ್ತು ಮೆರೊಪೆಯರ ಮಗನೆಂಬ ನಂಬಿಕೆಯಿದೆ. ತಂದೆಯನ್ನು ಕೊಂದು ತಾಯಿಯನ್ನು ಕೂಡುವೆ ಎಂಬ, ಡೆಲ್ಫಿಯ ಅಪೊಲೊ ಗುಡಿಯ ದೈವವಾಣಿ ನೆನಪಿದೆ. ದಾರಿಯಲ್ಲಿ ಒಬ್ಬ ಮುದುಕನನ್ನು ಕೊಂದದ್ದೂ ಗೊತ್ತಿದೆ, ಆದರೆ ಆತ ಯಾರೆಂಬುದು ಗೊತ್ತಿಲ್ಲ. ಜೊಕಾಸ್ತಳಿಗೆ ತನ್ನ ಮೊದಲ ಗಂಡ ಲೇಯಸನಿಗೆ ಬಂದ ದೈವವಾಣಿಯೂ, ಅದಕ್ಕೆ ಹೆದರಿ ಬೆಟ್ಟದಲ್ಲಿ ಬಿಸಾಡಲು ಕೊಟ್ಟ ಹಸುಗೂಸೂ ಗೊತ್ತು. ಕೂಸು ಬದುಕಿದ್ದು ಗೊತ್ತಿಲ್ಲ. ಕೊರಿಂತದವನಿಗೆ ಈಡಿಪಸ್ ಸಾಕುಮಗನೆಂದು ಗೊತ್ತು, ಹೆತ್ತವರು ಯಾರೆಂದು ಗೊತ್ತಿಲ್ಲ. ಮುದುಕ ಕುರಿಗಾಹಿಗೆ ತಾನು ಕೂಸನ್ನು ಕೊಲ್ಲದೆ ಬೇರೊಬ್ಬನ ಕೈಗೆ ಕೊಟ್ಟದ್ದು ಗೊತ್ತು. ಲೇಯಸನ ಕೊಲೆ ನಡೆದಾಗ ಬದುಕುಳಿದವನೂ ಅವನೇ. ಪೂರ್ತಿ ತಿಳಿದವನು ಟೈರೀಸಿಯಸ್ ಒಬ್ಬನೇ.

ರನ್ನನ ದುರ್ಯೋಧನ ಕರ್ಣನ ಹೆಣದ ಮುಂದೆ ನಿಂತು, ನಿನ್ನ ಹುಟ್ಟಿನ ಗುಟ್ಟನ್ನು ನಾನು ಬಲ್ಲೆ, ಕುಂತಿ ಬಲ್ಲಳು, ಕೃಷ್ಣ ಬಲ್ಲ, ಸೂರ್ಯ ಬಲ್ಲ, ಸಹದೇವ ಬಲ್ಲ, ಬೇರೆ ಯಾರೂ ಅರಿಯರು ಎಂದು ಎಣಿಸುತ್ತಾನಲ್ಲ, ಅದು ಇಂಥದ್ದೇ ಪಟ್ಟಿ. ಬಲ್ಲವರ ಹೆಸರನ್ನು ಒಂದೊಂದಾಗಿ ಹೇಳುವುದರಲ್ಲೇ ಎಂಥ ದುಃಖ ತುಂಬಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿಲ್ಲ.

ಪಟ್ಟಿ ಕೈಯಲ್ಲಿದ್ದರೆ ಆರಂಭದ ಮಾತುಗಳೂ ಬೇರೆಯಾಗಿ ಕೇಳಿಸುತ್ತವೆ. ಥೀಬ್ಸ್ ಊರಿನ ಪಿಡುಗು ತೊಲಗಬೇಕಾದರೆ ಹಿಂದಿನ ದೊರೆ ಲೇಯಸನ ಕೊಲೆಗಾರನನ್ನು ಹೊರಗಟ್ಟಬೇಕೆಂದು ದೈವವಾಣಿ ನುಡಿದಿದೆ. ಆ ಕೊಲೆಗಾರನಿಗೆ ಶಾಪ ಹಾಕುವಾಗ ಈಗಿನ ದೊರೆ ಈಡಿಪಸ್, ಅವನು ನನ್ನ ಮನೆಯಲ್ಲೇ ನನಗೆ ತಿಳಿದು ಇದ್ದರೂ ಈ ಶಾಪ ನನಗೇ ತಟ್ಟಲಿ ಎನ್ನುತ್ತಾನೆ. ಲೇಯಸನಿಗಾಗಿ, ಸ್ವಂತ ತಂದೆಗೋ ಎಂಬಂತೆ ಹೋರಾಡುತ್ತೇನೆ ಎನ್ನುತ್ತಾನೆ. ಆಡುವವನಿಗೆ ಇವು ರಾಜಧರ್ಮದ ಮಾತುಗಳು, ಕೇಳುವ ನಮಗೆ ತೀರ್ಪಿನ ಮಾತುಗಳು. ಅದಕ್ಕೂ ಮೊದಲು, ಬದುಕಿ ಬಂದವನ ಹೇಳಿಕೆಯಂತೆ ಲೇಯಸನನ್ನು ಕೊಂದವರು ದರೋಡೆಕೋರರ ಗುಂಪು ಎಂದು ಕ್ರಿಯಾನ್ ಹೇಳಿದಾಗ, ಈಡಿಪಸ್ ಉತ್ತರಿಸುತ್ತಾ ‘ಆ ದರೋಡೆಕೋರ’ ಎಂದು ಒಬ್ಬನ ಬಗ್ಗೆ ಮಾತಾಡುತ್ತಾನೆ (122ರಿಂದ 125). ಒಬ್ಬನೋ ಹಲವರೋ ಎಂಬ ಈ ಎಳೆಗೆ ಅಡಿಗೆರೆ ಎಳೆದಿಡಿ. ಮುಂದೆ ಇಡೀ ನಾಟಕದ ಭಾರ ಇದರ ಮೇಲೆ ಬೀಳುತ್ತದೆ.

ಹಂತ 3: ಹೇಳಿದ ಮಾತು ಯಾವುದು, ಕಿವಿಗೆ ಬಿದ್ದ ಮಾತು ಯಾವುದು

ಟೈರೀಸಿಯಸನ ದೃಶ್ಯವನ್ನು ಓದಿದ ಪ್ರತಿಯೊಬ್ಬರೂ ಕೇಳುವ ಪ್ರಶ್ನೆಯೊಂದಿದೆ. ನೀನು ಹುಡುಕುತ್ತಿರುವ ಕೊಲೆಗಾರ ನೀನೇ ಎಂದು ಕಾಲಜ್ಞಾನಿ ಮುಖಕ್ಕೆ ಹೊಡೆದಂತೆ ಹೇಳಿಬಿಡುತ್ತಾನೆ (362); ನಾಟಕದ ಕಾಲುಭಾಗವೂ ಕಳೆದಿಲ್ಲ. ಆದರೂ ಈಡಿಪಸನಿಗೆ ತಿಳಿಯುವುದಿಲ್ಲವೆಂದರೆ ನಂಬುವುದು ಹೇಗೆ? ಉತ್ತರ ದೃಶ್ಯದ ನಡೆಯಲ್ಲಿಯೇ ಇದೆ. ಟೈರೀಸಿಯಸ್ ಮೊದಲು ಬಾಯಿ ಬಿಡಲು ಒಪ್ಪುವುದಿಲ್ಲ, ಮನೆಗೆ ಕಳಿಸು ಎಂದು ಬೇಡುತ್ತಾನೆ. ಊರು ಸಾಯುತ್ತಿರುವಾಗ ತಿಳಿದವನು ಸುಮ್ಮನಿರುವುದು ರಾಜನಿಗೆ ದ್ರೋಹವಾಗಿ ಕಾಣುತ್ತದೆ. ಕೊಲೆಯಲ್ಲಿ ನಿನ್ನದೇ ಕೈವಾಡವಿದೆ ಎಂದು ಈಡಿಪಸ್ ಆರೋಪಿಸುತ್ತಾನೆ. ಆ ಆರೋಪದ ಬೆನ್ನಿಗೆ, ಸಿಟ್ಟಿನಿಂದ, ಸತ್ಯ ಹೊರಬೀಳುತ್ತದೆ. ಜಗಳದ ನಡುವೆ ಬಂದ ಸತ್ಯ ಪ್ರತ್ಯಾರೋಪದಂತೆ ಕೇಳಿಸುತ್ತದೆ. ಕಾಲಜ್ಞಾನಿಯನ್ನು ಕರೆಸಲು ಸಲಹೆ ಕೊಟ್ಟವನು ಕ್ರಿಯಾನ್ ಎಂಬುದು ನೆನಪಾದೊಡನೆ ಅದು ಪಿತೂರಿಯಾಗಿಯೂ ಕಾಣುತ್ತದೆ. ಈಡಿಪಸ್ ಮೂರ್ಖನಲ್ಲ; ರಾಜಕಾರಣ ಬಲ್ಲವನು, ಆದ್ದರಿಂದಲೇ ಮಾತಿನ ಹಿಂದಿನ ಲಾಭವನ್ನು ಹುಡುಕುತ್ತಾನೆ, ಮಾತನ್ನು ಕೇಳುವುದಿಲ್ಲ.

ಆದರೆ ಒಂದು ಮಾತು ಮಾತ್ರ ಒಳಗೆ ಇಳಿಯುತ್ತದೆ. ನಿನ್ನ ಹೆತ್ತವರಿಗೆ ನಾನು ವಿವೇಕಿಯಾಗಿ ಕಂಡಿದ್ದೆ ಎಂದು ಟೈರೀಸಿಯಸ್ ಹೇಳುತ್ತಲೇ, ಹೊರಡು ಎಂದು ಗದರುತ್ತಿದ್ದ ಈಡಿಪಸ್ ಅವನನ್ನು ತಡೆದು, ಯಾರು ಆ ಹೆತ್ತವರು, ನಿಲ್ಲು ಎನ್ನುತ್ತಾನೆ (437). ಕೊಲೆಗಾರ ಎಂಬ ಮಾತು ಮುಟ್ಟದ ಜಾಗವನ್ನು ಹೆತ್ತವರೆಂಬ ಮಾತು ಮುಟ್ಟಿದೆ. ಹಿಂದೆ ಕೊರಿಂತದ ಔತಣವೊಂದರಲ್ಲಿ ಕುಡಿದವನೊಬ್ಬ, ನೀನು ನಿನ್ನ ತಂದೆಯ ಮಗನಲ್ಲ ಎಂದು ಹಂಗಿಸಿದ ಗಾಯ ಇನ್ನೂ ಆರಿಲ್ಲವೆಂಬುದು ನಮಗೆ ಗೊತ್ತಾಗುವುದು ಮುಂದಿನ ಭಾಗದಲ್ಲಿ. ಎರಡನೆಯ ಓದಿನ ಫಲ ಇಂಥ ಕಡೆ ಸಿಗುತ್ತದೆ.

ಇದೇ ಹಂತವನ್ನು ಜೊಕಾಸ್ತಳ ಮಾತಿಗೆ ಅನ್ವಯಿಸಿದರೆ ಇನ್ನೂ ದೊಡ್ಡದೊಂದು ಹೊಳೆಯುತ್ತದೆ. ದೈವವಾಣಿಯನ್ನು ನಂಬಬೇಡ ಎಂದು ಗಂಡನನ್ನು ಸಮಾಧಾನಪಡಿಸಲು ಅವಳು ತನ್ನ ಅನುಭವವನ್ನು ಹೇಳುತ್ತಾಳೆ: ಮಗನಿಂದಲೇ ಸಾಯುವೆ ಎಂದು ಲೇಯಸನಿಗೆ ದೈವ ನುಡಿದಿತ್ತು, ಹುಟ್ಟಿ ಮೂರು ದಿನವಾಗುವ ಮೊದಲೇ ಮಗುವಿನ ಕಾಲಿನ ಗಿಣ್ಣುಗಳನ್ನು ಬಿಗಿದು ಬೆಟ್ಟದಲ್ಲಿ ಹಾಕಿಸಿದರು, ಲೇಯಸನನ್ನು ಕೊಂದವರಾದರೋ ಪರದೇಶದ ದರೋಡೆಕೋರರು, ಮೂರು ದಾರಿ ಕೂಡುವ ಜಾಗದಲ್ಲಿ. ಇಷ್ಟು ಮಾತಿನಲ್ಲಿ ಈಡಿಪಸನಿಗೆ ಸಂಬಂಧಿಸಿದ ಎರಡು ವಿವರಗಳಿವೆ. ಅವನ ಕಾಲಿನ ಗಿಣ್ಣಿನಲ್ಲಿ ಹುಟ್ಟಿದಂದಿನಿಂದ ಗಾಯದ ಗುರುತಿದೆ, ಆ ವಿವರ ಅವನನ್ನು ತಟ್ಟುವುದಿಲ್ಲ. ಮೂರು ದಾರಿಯ ಮಾತು ತಟ್ಟುತ್ತದೆ (726ರ ನಂತರ). ಯಾಕೆಂದರೆ ಅವನು ಹುಡುಕುತ್ತಿರುವುದು ಕೊಲೆಗಾರನನ್ನು, ಮಗನನ್ನಲ್ಲ. ಆ ಕ್ಷಣದಿಂದ ಅವನ ಪ್ರಶ್ನೆಗಳು ವಕೀಲನ ಪಾಟೀಸವಾಲಿನಂತೆ ಬರುತ್ತವೆ: ಎಲ್ಲಿ? ಫೋಕಿಸ್‌ನಲ್ಲಿ, ಡೆಲ್ಫಿ ಮತ್ತು ಡೌಲಿಯಾದ ದಾರಿಗಳು ಕೂಡುವಲ್ಲಿ. ಯಾವಾಗ? ನೀನು ಪಟ್ಟಕ್ಕೆ ಬರುವ ತುಸು ಮೊದಲು. ನೋಡಲು ಹೇಗಿದ್ದ? ತಲೆ ಆಗಷ್ಟೇ ನರೆಯುತ್ತಿತ್ತು, ರೂಪ ನಿನ್ನದಕ್ಕೆ ತೀರ ದೂರವಿರಲಿಲ್ಲ. ಜೊತೆಗೆ ಎಷ್ಟು ಜನ? ಎಲ್ಲ ಸೇರಿ ಐವರು, ಒಂದು ಬಂಡಿ. ‘ನಿನ್ನಂತೆಯೇ ಇದ್ದ’ ಎಂಬ ಉತ್ತರವನ್ನು ಹೆಂಡತಿಯ ಬಾಯಿಂದಲೇ ಹೇಳಿಸಿ, ಯಾರೂ ಅದರ ಮೇಲೆ ನಿಲ್ಲದಂತೆ ಮುಂದೆ ಸಾಗಿಸುವುದು ಸೊಫೊಕ್ಲಿಸನ ಕೈಚಳಕ. ಕೊನೆಗೆ ಉಳಿಯುವ ಆಸೆ ಒಂದೇ ಲೆಕ್ಕದ್ದು: ಬದುಕುಳಿದವನು ಬಂದು, ಕೊಂದವರು ಹಲವರು ಎಂದರೆ ನಾನು ಪಾರಾದೆ, ಒಬ್ಬ ಹಲವರಾಗಲಾರ (845). ಅವನನ್ನು ಕರೆಸಲು ಆಳು ಹೋಗುತ್ತಾನೆ.

ಹಂತ 4: ಮಾತಾಡದೆ ನಿಂತವರನ್ನು ನೋಡಿ

ಪುಸ್ತಕದಲ್ಲಿ ಓದುವವರು ಸದಾ ಮರೆಯುವ ಸಂಗತಿ ಇದು. ಮಾತಿಲ್ಲದವರ ಹೆಸರು ಪುಟದ ಮೇಲೆ ಕಾಣುವುದಿಲ್ಲ. ರಂಗದ ಮೇಲೆ ಮಾತ್ರ ಅವರು ನಿಂತೇ ಇರುತ್ತಾರೆ. ನನ್ನ ಮಟ್ಟಿಗೆ ಈ ನಾಟಕದ ಅತ್ಯುನ್ನತ ದೃಶ್ಯ ಕೊರಿಂತದ ದೂತನದು, ಅದು ನಿಂತಿರುವುದು ಒಂದು ಮೌನದ ಮೇಲೆ.

ದೂತ ಸಂತೋಷದ ಸುದ್ದಿ ತಂದಿದ್ದಾನೆ, ಇನಾಮಿನ ಆಸೆಯೂ ಅವನಿಗಿದೆ. ಪಾಲಿಬಸ್ ತೀರಿಕೊಂಡ, ಈಡಿಪಸನೇ ಇನ್ನು ಕೊರಿಂತಕ್ಕೂ ದೊರೆ. ತಂದೆ ಸಹಜವಾಗಿ ಸತ್ತನೆಂದರೆ ದೈವವಾಣಿ ಸುಳ್ಳಾಯಿತು ಎಂದು ಗಂಡಹೆಂಡಿರಿಬ್ಬರೂ ಹಗುರಾಗುತ್ತಾರೆ. ಆದರೂ ತಾಯಿಯ ಭಯ ಉಳಿದಿದೆ ಎಂದು ಈಡಿಪಸ್ ಹೇಳುವುದನ್ನು ಕೇಳಿ ದೂತ ಆ ಭಯವನ್ನೂ ಕಳೆಯಲು ಹೊರಡುತ್ತಾನೆ: ಅವರು ನಿನ್ನ ಹೆತ್ತವರೇ ಅಲ್ಲ, ಸಿಥೀರಾನ್ ಬೆಟ್ಟದ ಕಣಿವೆಯಲ್ಲಿ ನಿನ್ನನ್ನು ಎತ್ತಿಕೊಂಡವನು ನಾನು, ನಿನ್ನ ಗಿಣ್ಣುಗಳನ್ನು ಚುಚ್ಚಿ ಬಿಗಿದಿದ್ದರು, ಬಿಡಿಸಿದವನೂ ನಾನೇ. ಭಯ ನೀಗಿಸಲು ಬಂದವನಿಂದಲೇ ಅನಾಹುತ ಬಯಲಾಗುವ ಈ ತಿರುವನ್ನು ಅರಿಸ್ಟಾಟಲ್ ತನ್ನ ಕಾವ್ಯಮೀಮಾಂಸೆಯ 11ನೆಯ ಅಧ್ಯಾಯದಲ್ಲಿ ಉದಾಹರಣೆಯಾಗಿ ಎತ್ತಿಕೊಂಡಿದ್ದಾನೆ.

ಈಗ ಸಾಲುಗಳನ್ನು ಎಣಿಸಿ. ಜೊಕಾಸ್ತ 987ನೆಯ ಸಾಲಿನಲ್ಲಿ ಮಾತಾಡುತ್ತಾಳೆ, ಮತ್ತೆ ಬಾಯಿ ತೆರೆಯುವುದು 1056ರಲ್ಲಿ. ನಡುವೆ ಸುಮಾರು 70 ಸಾಲುಗಳ ಕಾಲ ಈಡಿಪಸ್ ಮತ್ತು ದೂತ ಪ್ರಶ್ನೋತ್ತರದಲ್ಲಿ ಮುಳುಗಿದ್ದಾರೆ. ಅವಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಾಳೆ. ಹಂತ 2ರ ಪಟ್ಟಿಯನ್ನು ತೆಗೆದು, ಅವಳ ಹೆಸರಿನ ಮುಂದೆ ಒಂದೊಂದೇ ವಿವರವನ್ನು ಸೇರಿಸುತ್ತಾ ಬನ್ನಿ. ಸಾಕುಮಗ. ಸಿಥೀರಾನ್. ಗಿಣ್ಣಿನ ಗಾಯ (1034). ಕೊಟ್ಟವನು ಲೇಯಸನ ಕಡೆಯ ಆಳು (1042). ಗಾಯದ ವಿವರ ಬಂದಾಗಲೇ ಅವಳಿಗೆ ತಿಳಿಯಿತೋ, ಲೇಯಸನ ಹೆಸರು ಬಂದಾಗ ತಿಳಿಯಿತೋ? ಪಠ್ಯ ಹೇಳುವುದಿಲ್ಲ, ನಿರ್ದೇಶಕ ತೀರ್ಮಾನಿಸಬೇಕು. ಮುಖವಾಡದ ರಂಗದಲ್ಲಿ ನಟನಿಗೆ ಮುಖವಿಲ್ಲ. ತಲೆ ಬಾಗುವುದು, ಒಂದು ಹೆಜ್ಜೆ ಹಿಂದಕ್ಕೆ ಇಡುವುದು, ಬಾಗಿಲಿನ ಕಡೆ ತಿರುಗುವುದು ಇಷ್ಟರಲ್ಲಿಯೇ ಅದನ್ನು ತೋರಿಸಬೇಕು. ಓದುಗರಾದ ನೀವೂ ಒಂದು ಸಾಲನ್ನು ಆರಿಸಿ, ಇಲ್ಲಿ ಅವಳಿಗೆ ತಿಳಿಯಿತು ಎಂದು ಗುರುತು ಹಾಕಿ, ಯಾಕೆ ಎಂದು ಅಂಚಿನಲ್ಲಿ ಬರೆಯಿರಿ. ಈ ಒಂದು ಅಭ್ಯಾಸ ಹತ್ತು ಪುಟಗಳ ಟಿಪ್ಪಣಿಗಿಂತ ಹೆಚ್ಚು ಕಲಿಸುತ್ತದೆ.

ಅವಳು ಬಾಯಿ ಬಿಟ್ಟಾಗ ಬರುವುದು ಬೇಡಿಕೆ: ಈ ಹುಡುಕಾಟ ಬಿಡು, ನೀನು ಯಾರೆಂದು ನಿನಗೆ ಎಂದೂ ತಿಳಿಯದಿರಲಿ (1068). ಈಡಿಪಸ್ ಅದನ್ನೂ ತಪ್ಪಾಗಿ ಕೇಳುತ್ತಾನೆ, ತಾನು ಕೀಳುಕುಲದವನಾಗಿಬಿಟ್ಟರೆ ರಾಣಿಗೆ ಅವಮಾನವೆಂದು ಭಾವಿಸಿ, ನಾನು ಅದೃಷ್ಟದೇವತೆಯ ಮಗ ಎಂದು ಬೀಗುತ್ತಾನೆ. ಅವಳು ಒಳಗೆ ಹೋಗುತ್ತಾಳೆ. ಹೀಗೆ ಒಂದೇ ದೃಶ್ಯದಲ್ಲಿ ಅರಿವು ಇಬ್ಬರಿಗೆ ಬೇರೆ ಬೇರೆ ಹೊತ್ತಿಗೆ ಬರುವಂತೆ ಮಾಡಿರುವುದರಿಂದ, ಒಬ್ಬಳ ದುರಂತ ಮುಗಿದ ಕ್ಷಣದಲ್ಲಿ ಇನ್ನೊಬ್ಬನ ಉತ್ಸಾಹ ತುತ್ತತುದಿಯಲ್ಲಿರುತ್ತದೆ.

ಹಂತ 5: ಮಾತಿನ ಉದ್ದವನ್ನು ಅಳೆಯಿರಿ, ಕೇಳದೆ ಉಳಿದ ಪ್ರಶ್ನೆಯನ್ನು ಹುಡುಕಿ

ಕುರಿಗಾಹಿಯ ದೃಶ್ಯದಲ್ಲಿ ದೀರ್ಘ ಭಾಷಣಗಳಿಲ್ಲ. ಒಬ್ಬರಿಗೆ ಒಂದು ಸಾಲು, ಇನ್ನೊಬ್ಬರಿಗೆ ಒಂದು ಸಾಲು. ಕೊನೆಗೆ 1173ರ ಸುಮಾರಿಗೆ ಒಂದೇ ಸಾಲು ಇಬ್ಬರ ನಡುವೆ ತುಂಡಾಗುತ್ತದೆ. ಅವಳೇ ಕೊಟ್ಟಳೇ? ಹೌದು, ದೊರೆ. ಯಾತಕ್ಕೆ? ಕೊಲ್ಲಲೆಂದು. ಈ ಭಾಗವನ್ನು ಗಟ್ಟಿಯಾಗಿ, ಸಾಧ್ಯವಾದರೆ ಇಬ್ಬರು ಸೇರಿ ಓದಬೇಕು. ಉಸಿರು ಎಲ್ಲಿ ಕಟ್ಟುತ್ತದೆ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ, ಬಾಯಿಗೆ ತಿಳಿಯುತ್ತದೆ.

ಇಲ್ಲಿ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಕೊರಿಂತದವನು ಹಳೆಯ ಗೆಳೆಯನನ್ನು ಕಂಡ ಖುಷಿಯಲ್ಲಿ, ಅಂದು ಕೊಟ್ಟ ಕೂಸು ಇಗೋ ಇವನೇ ಎಂದು ದೊರೆಯನ್ನು ತೋರಿಸುತ್ತಾನೆ (1145). ಮುದುಕ, ನಿನ್ನ ಬಾಯಿ ಮುಚ್ಚು ಎಂದು ಶಪಿಸುತ್ತಾನೆ. ಆ ಒಂದು ಉತ್ತರದಲ್ಲಿ ಅವನು ಎಲ್ಲವನ್ನೂ ಜೋಡಿಸಿಕೊಂಡಿದ್ದಾನೆ. ಮುಂದೆ ಅವನು ಹೇಳಲು ಹಿಂಜರಿದಷ್ಟೂ ದೊರೆ ಬೆದರಿಸುತ್ತಾನೆ, ಕೈಗಳನ್ನು ಬೆನ್ನ ಹಿಂದೆ ತಿರುಚಿ ಕಟ್ಟಿ ಎನ್ನುತ್ತಾನೆ. ಘೋರವಾದದ್ದನ್ನು ಹೇಳುವ ಅಂಚಿಗೆ ಬಂದಿದ್ದೇನೆ ಎಂದು ಮುದುಕ ಹೇಳಿದಾಗ, ಕೇಳುವ ಅಂಚಿಗೆ ನಾನೂ ಬಂದಿದ್ದೇನೆ, ಆದರೂ ಕೇಳಲೇಬೇಕು ಎನ್ನುತ್ತಾನೆ ಈಡಿಪಸ್ (1169, 1170). ಈ ಹೊತ್ತಿಗೆ ಅವನೂ ಊಹಿಸಿದ್ದಾನೆ. ತಿಳಿಯದವನು ಮುಗ್ಗರಿಸುವುದಕ್ಕೂ, ತಿಳಿದೂ ಮುಂದಿನ ಪ್ರಶ್ನೆ ಕೇಳುವುದಕ್ಕೂ ಇರುವ ಅಂತರವೇ ಈ ಪಾತ್ರದ ಎತ್ತರ.

ಈಗ 845ನೆಯ ಸಾಲಿಗೆ ಹಿಂತಿರುಗಿ. ಈ ಮುದುಕನನ್ನು ಕರೆಸಿದ್ದು ಯಾತಕ್ಕೆ? ಕೊಂದವರು ಒಬ್ಬನೋ ಹಲವರೋ ಎಂದು ಕೇಳಲು. ಆ ಪ್ರಶ್ನೆಯನ್ನು ಯಾರೂ ಕೇಳುವುದೇ ಇಲ್ಲ! ಕೊಲೆಯ ವಿಚಾರಣೆ ಹುಟ್ಟಿನ ವಿಚಾರಣೆಯಾಗಿ ಮಾರ್ಪಟ್ಟು, ಹುಟ್ಟಿನ ಉತ್ತರವೇ ಕೊಲೆಗೂ ಉತ್ತರವಾಗಿಬಿಡುತ್ತದೆ. ಕೆಲವರು ಇದನ್ನು ನಾಟಕಕಾರನ ಅಜಾಗರೂಕತೆ ಎನ್ನುತ್ತಾರೆ. ಆ ಪ್ರಶ್ನೆ ಕೇಳುವ ಅಗತ್ಯವೇ ಯಾರಿಗೂ ಉಳಿಯದಂತೆ ದೃಶ್ಯವನ್ನು ಕಟ್ಟಿರುವುದು ನನಗೆ ಜಾಣ್ಮೆಯಾಗಿಯೇ ಕಾಣುತ್ತದೆ.

ಹಂತ 6: ಕಾಣದ್ದನ್ನು ಹೇಳುವವನ ಮಾತು, ಮೇಳದ ಹಾಡು

ಅರಮನೆಯೊಳಗಿನಿಂದ ಬರುವ ಸೇವಕನ ವರದಿಯನ್ನು (1223ರ ನಂತರ) ಓದುವಾಗ, ಅವನು ಕಣ್ಣಾರೆ ನೋಡಿದ್ದು ಯಾವುದು, ನೋಡದೆ ಉಳಿದದ್ದು ಯಾವುದು ಎಂದು ಬೇರ್ಪಡಿಸಿ. ಜೊಕಾಸ್ತ ಸಾಯುವುದನ್ನು ಅವನು ನೋಡಿಲ್ಲ, ಈಡಿಪಸ್ ನುಗ್ಗಿ ಬಂದದ್ದರಿಂದ ಎಲ್ಲರ ಗಮನ ಆ ಕಡೆ ಹೋಗಿತ್ತು. ಅವಳ ಉಡುಪಿನ ಚಿನ್ನದ ಪಿನ್ನುಗಳಿಂದ ಈಡಿಪಸ್ ಕಣ್ಣುಗಳನ್ನು ಇರಿದುಕೊಂಡದ್ದನ್ನು ಮಾತ್ರ ಅವನು ನೋಡಿದ್ದಾನೆ.

ಮೇಳದ ಹಾಡುಗಳನ್ನು ಹಾರಿಸಿ ಓದುವ ಅಭ್ಯಾಸ ಹಲವರಿಗಿದೆ. ಕನಿಷ್ಠ ಪ್ರತಿ ಹಾಡಿನ ಕೊನೆಯಲ್ಲಿ, ಊರಿನ ಹಿರಿಯರು ಈಗ ಯಾರ ಪಕ್ಷ ಎಂದು ಒಂದು ವಾಕ್ಯ ಬರೆದುಕೊಳ್ಳಿ. ದೈವವಾಣಿಯೇ ಸುಳ್ಳಾದರೆ ನಾವು ದೇವರ ಮುಂದೆ ಕುಣಿಯುವುದಾದರೂ ಯಾಕೆ ಎಂದು ಅವರು ಕೇಳುವ ಸಾಲು (896), ದೇವರ ಉತ್ಸವದಲ್ಲಿ ಕುಣಿಯುತ್ತಿರುವ ಮೇಳದ ಬಾಯಲ್ಲಿಯೇ ಬಂದಿರುವುದನ್ನು ಗಮನಿಸಿ.

ಹಂತ 7: ತೀರ್ಪನ್ನು ಮುಂದೂಡಿ

ಪರೀಕ್ಷೆಯ ಉತ್ತರಗಳಲ್ಲಿ ಎರಡು ಸಿದ್ಧ ವಾಕ್ಯಗಳು ಬರುತ್ತವೆ: ಈಡಿಪಸನ ಅಹಂಕಾರವೇ ಅವನ ಪತನಕ್ಕೆ ಕಾರಣ, ಅಥವಾ ವಿಧಿಯ ಮುಂದೆ ಮನುಷ್ಯ ಗೊಂಬೆ. ಈ ಎರಡು ವಾಕ್ಯಗಳೂ ನಾಟಕದ ದೃಶ್ಯಗಳ ಎದುರು ನಿಲ್ಲುವುದಿಲ್ಲ. ಅವನಿಗೆ ಸಿಟ್ಟಿದೆ, ನಿಜ. ಆದರೆ ಅವನು ಸಾಧುವಾಗಿದ್ದಿದ್ದರೂ ಹುಟ್ಟಿನ ಸತ್ಯ ಬದಲಾಗುತ್ತಿರಲಿಲ್ಲ. ವಿಧಿಯಿದೆ, ನಿಜ, ಆದರೆ ದೈವವಾಣಿ ಹೇಳಿದ್ದು ಕೊಲೆ ಮತ್ತು ಮದುವೆಯ ಬಗ್ಗೆ. ಆ ದಿನ ವಿಚಾರಣೆ ನಡೆಸು, ಮುದುಕನನ್ನು ಕರೆಸು, ಕೊನೆಯ ಪ್ರಶ್ನೆಯನ್ನೂ ಕೇಳು ಎಂದು ಯಾವ ದೇವರೂ ಅವನಿಗೆ ಅಪ್ಪಣೆ ಮಾಡಿರಲಿಲ್ಲ. ಕಣ್ಣು ಕಳೆದುಕೊಂಡು ಹೊರಬಂದಾಗ ಅವನೇ ಇದನ್ನು ವಿಂಗಡಿಸುತ್ತಾನೆ: ಈ ನೋವನ್ನು ತಂದವನು ಅಪೊಲೊ, ಹೊಡೆದ ಕೈ ಮಾತ್ರ ನನ್ನದೇ (1329ರಿಂದ 1332). ತೀರ್ಪು ಬರೆಯಲೇಬೇಕಾದರೆ ಈ ನಾಲ್ಕು ಸಾಲುಗಳಿಂದ ಆರಂಭಿಸಿ.

ಬೇರೆ ನಾಟಕಕ್ಕೆ ಹೋಗುವಾಗ

ಈ ಕ್ರಮವನ್ನು ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ನಾಟಕದ ಔತಣದ ದೃಶ್ಯಕ್ಕೆ (ಮೂರನೆಯ ಅಂಕ, ನಾಲ್ಕನೆಯ ದೃಶ್ಯ) ಅನ್ವಯಿಸಿ ನೋಡಿ. ಮ್ಯಾಕ್‌ಬೆತ್ ಕೊಲ್ಲಿಸಿದ ಅವನ ಜೊತೆಗಾರ ಬ್ಯಾಂಕೋ ಸತ್ತನೆಂಬ ಸುದ್ದಿ ದೃಶ್ಯದ ಆರಂಭದಲ್ಲೇ ಮ್ಯಾಕ್‌ಬೆತ್‌ನಿಗೆ ಬಾಗಿಲ ಬಳಿ ತಲುಪುತ್ತದೆ. ಬ್ಯಾಂಕೋನ ಮಗ ತಪ್ಪಿಸಿಕೊಂಡದ್ದೂ ತಿಳಿಯುತ್ತದೆ. ಕುಳಿತ ಸರದಾರರಿಗೆ ಎರಡೂ ಗೊತ್ತಿಲ್ಲ. ಬ್ಯಾಂಕೋನ ಪ್ರೇತ ಕಾಣುವುದು ಮ್ಯಾಕ್‌ಬೆತ್ ಒಬ್ಬನಿಗೆ. ಅವನ ಹೆಂಡತಿಗೆ ಹಿಂದಿನ ದೊರೆಯ ಕೊಲೆ ಪೂರ್ತಿ ಗೊತ್ತು, ಈ ಕೊಲೆಯನ್ನು ಅವನು ಬೇಕೆಂದೇ ಅವಳಿಂದ ಮರೆಸಿದ್ದಾನೆ. ಆದ್ದರಿಂದ ಅತಿಥಿಗಳ ಮುಂದೆ ಅವನ ಮಾನ ಕಾಯುತ್ತಿರುವ ಅವಳು, ಯಾವ ಕಾರಣಕ್ಕಾಗಿ ಕಾಯುತ್ತಿದ್ದೇನೆ ಎಂಬುದನ್ನೇ ಅರಿಯದೆ ಮಾತಾಡುತ್ತಿದ್ದಾಳೆ. ಅಂತಸ್ತಿಗೆ ತಕ್ಕಂತೆ ಕುಳಿತುಕೊಳ್ಳಿ ಎಂದು ಶುರುವಾದ ಔತಣ, ಸಾಲು ಗೀಲು ನೋಡದೆ ಎದ್ದು ಹೋಗಿ ಎಂಬ ಅವಳ ಮಾತಿನಲ್ಲಿ ಚದುರುತ್ತದೆ. ಐದನೆಯ ಅಂಕದಲ್ಲಿ ನಿದ್ದೆಯಲ್ಲಿ ನಡೆಯುತ್ತಾ ಅವಳು ಬ್ಯಾಂಕೋನನ್ನು ಹೂಳಿದ್ದರ ಬಗ್ಗೆ ಗೊಣಗುವಾಗ, ಇದು ಅವಳಿಗೆ ಯಾವಾಗ ತಿಳಿಯಿತು ಎಂಬ ಪ್ರಶ್ನೆಯನ್ನು ಪಟ್ಟಿಯ ಪಕ್ಕದಲ್ಲಿ ಬರೆದುಕೊಂಡು, ಔತಣದ ದೃಶ್ಯದಿಂದ ಅಲ್ಲಿಯವರೆಗಿನ ಪುಟಗಳನ್ನು ಮತ್ತೆ ಓದಿ.